ಕೆಳಗಿನಕ್ಕ ಕೊಟ್ಟ ಮಾತು

ವೈದ್ಯಕೀಯ ಸಂಶೋಧನೆ ನಡೆಯುವ ಆ ದೊಡ್ಡ ಕಟ್ಟಡದಲ್ಲಿ ಅವಳ ನಿಜವಾದ ಹೆಸರು ಸಂಬಳದ ಗುಮಾಸ್ತನಿಗೆ ಬಿಟ್ಟರೆ ಇನ್ನಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ಅವಳು ಕೆಳಗಿನಕ್ಕ. ನೆಲಮಾಳಿಗೆಯ ಕೋಣೆಯಲ್ಲಿ ಕೂರುತ್ತಿದ್ದಳು, ಅದಕ್ಕೆ ‘ಕೆಳಗಿನ’. ಕೇಳಿದವರಿಗೆ ಇಲ್ಲವೆನ್ನದೆ ಕೆಲಸ ಮಾಡಿಕೊಡುತ್ತಿದ್ದಳು, ಅದಕ್ಕೆ ‘ಅಕ್ಕ’. ಅವಳಿಗಿಂತ ದೊಡ್ಡವರಾದ ಪ್ರೊಫೆಸರುಗಳೂ ಹಾಗೇ ಕರೆಯುತ್ತಿದ್ದರು. "ನನ್ನ ತಮ್ಮಂದಿರಿಗೆಲ್ಲ ತಲೆ ನರೆತು ಹೋಗಿದೆ" ಎಂದು ಅವಳು ಮನೆಯಲ್ಲಿ ನಗುತ್ತಿದ್ದಳು.

ಆ ಕೋಣೆಯಲ್ಲಿದ್ದದ್ದು ಸಾರ್ಟರ್ ಎಂಬ ಯಂತ್ರ. ರಕ್ತದ ಹನಿಯಲ್ಲಿರುವ ಲೆಕ್ಕವಿಲ್ಲದಷ್ಟು ಜೀವಕೋಶಗಳನ್ನು ಕೂದಲೆಳೆಯಂಥ ನೀರಿನ ಧಾರೆಯಲ್ಲಿ ಒಂದರ ಹಿಂದೊಂದು ಸಾಲು ಹಚ್ಚಿ, ಲೇಸರ್ ಬೆಳಕಿನ ಮುಂದೆ ಹಾಯಿಸಿ, ಬೇಕಾದವನ್ನು ಒಂದು ನಳಿಕೆಗೂ ಬೇಡದವನ್ನು ಇನ್ನೊಂದಕ್ಕೂ ಬೀಳಿಸುವುದು ಅದರ ಕೆಲಸ. ಅವಳ ಅತ್ತೆ ಒಮ್ಮೆ ನೋಡಲು ಬಂದವಳು ಸೊಂಟದ ಮೇಲೆ ಕೈಯಿಟ್ಟು, "ಅಂದ್ರೆ ಮೊರದಲ್ಲಿ ಕೇರೋದು ತಾನೇ? ಇದಕ್ಕೆ ಅಷ್ಟೆಲ್ಲ ಓದಬೇಕಿತ್ತಾ?" ಎಂದಿದ್ದಳು.

"ಕೇರೋದೇ ಅತ್ತೆ. ಆದ್ರೆ ಈ ಕಾಳು ಕಣ್ಣಿಗೆ ಕಾಣಲ್ಲ. ಸಂಜೆಯೊಳಗೆ ಕೇರದೆ ಬಿಟ್ರೆ ಸತ್ತೇ ಹೋಗ್ತವೆ."

ಯಂತ್ರ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಯಾವ ಲ್ಯಾಬಿನವರಾದರೂ ಮೊದಲೇ ಹೇಳಿಟ್ಟು ತಮ್ಮ ಸ್ಯಾಂಪಲ್ ತರಬಹುದಿತ್ತು. ಕರುಳಿನ ಹುಳುಗಳ ಬೆನ್ನು ಹತ್ತಿದವರು ಬರುತ್ತಿದ್ದರು, ಮೂಳೆಯ ಮಜ್ಜೆಯವರು ಬರುತ್ತಿದ್ದರು, ಎದುರಿನ ಆಸ್ಪತ್ರೆಯಿಂದ ರಸ್ತೆ ದಾಟಿಕೊಂಡು ಮಕ್ಕಳ ಕಿಡ್ನಿ ಡಾಕ್ಟರು ಬರುತ್ತಿದ್ದರು. ದೊಡ್ಡ ಪ್ರೊಫೆಸರಿಗೆ ಒಂದು ಸರದಿ, ನಿನ್ನೆ ಸೇರಿದ ಹುಡುಗಿಗೆ ಇನ್ನೊಂದು ಸರದಿ ಎಂಬುದು ಆ ಕೋಣೆಯಲ್ಲಿ ಇರಲಿಲ್ಲ. ಮುಂಚೆ ಬಂದವರಿಗೆ ಮುಂಚೆ. ಈ ಒಂದು ವಿಷಯದಲ್ಲಿ ಕೆಳಗಿನಕ್ಕನಿಗೆ ಸ್ವಲ್ಪ ಜಂಬವೂ ಇತ್ತು. ಕಟ್ಟಡದಲ್ಲಿ ಒಬ್ಬರ ಮುಖ ಕಂಡರೆ ಒಬ್ಬರಿಗಾಗದವರೂ ತನ್ನ ಮಾತು ಬಂದರೆ ಹೂಂ ಅನ್ನುತ್ತಾರೆಂದು ಅವಳಿಗೆ ಗೊತ್ತಿತ್ತು.

ಆದರೆ ಯಂತ್ರಕ್ಕೆ ವಯಸ್ಸಾಗಿತ್ತು. ಬಿಡಿಭಾಗ ಮಾಡುವುದನ್ನು ಕಂಪನಿ ನಿಲ್ಲಿಸಿಬಿಟ್ಟಿತ್ತು. ಧಾರೆ ಹೊರಡುವ ಸೂಜಿಮೊನೆಯಂಥ ತೂತು ಪದೇ ಪದೇ ಕಟ್ಟಿಕೊಳ್ಳುತ್ತಿತ್ತು. ಒಂದು ಲೇಸರು ಮನಸ್ಸಾದರೆ ಹೊತ್ತಿಕೊಳ್ಳುತ್ತಿತ್ತು, ಇಲ್ಲದಿದ್ದರೆ ಮುನಿಸಿಕೊಂಡು ಕೂರುತ್ತಿತ್ತು. ಈಗಿನ ಪರೀಕ್ಷೆಗಳಲ್ಲಿ ಕೋಶಗಳಿಗೆ ಹಚ್ಚುವ ಬಣ್ಣಗಳಲ್ಲಿ ಅರ್ಧದಷ್ಟು ಅದಕ್ಕೆ ಕಾಣುತ್ತಲೇ ಇರಲಿಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ ತಮಾಷೆ ಮಾಡುತ್ತಿದ್ದ: "ನಿನ್ನ ಮಷಿನ್ನನ್ನ ಒಂದ್ಸಲ ಅಂಗಡಿಗೆ ಕರ್ಕೊಂಡ್ ಬಾ. ನಂಬರ್ ನೋಡಿ ಕನ್ನಡಕ ಹಾಕಿ ಕಳಿಸ್ತೀನಿ."

ಹೊಸ ಯಂತ್ರದ ಮಾತೆತ್ತಿದವಳು ಕೊಕ್ಕರೆ.

ಕೊಕ್ಕರೆ ಎಂದರೆ ಮೇಲಿನ ಮಹಡಿಯ ಪ್ರೊಫೆಸರು. ಉಳಿದವರ ಬಾಯಲ್ಲಿ ಮೇಡಂ. ಕಾಲೇಜಿನಲ್ಲಿ ಇವರಿಬ್ಬರೂ ಒಂದೇ ಬೆಂಚಿನವರು. ಉದ್ದ ಕಾಲು, ಉದ್ದ ಕತ್ತಿನ ಅವಳಿಗೆ ಕೊಕ್ಕರೆ ಎಂದೂ, ಅವಳ ಭುಜಕ್ಕೂ ಬಾರದ ಇವಳಿಗೆ ಗುಬ್ಬಿ ಎಂದೂ ಆಗ ಬಿದ್ದ ಹೆಸರು ಹಾಗೇ ಉಳಿದಿತ್ತು. ಕೊಕ್ಕರೆ ಓದಿ ಓದಿ ಮೇಲೆ ಹೋದಳು. ಗುಬ್ಬಿಗೆ ಪಾಠ ಹೇಳುವುದಕ್ಕಿಂತ ಯಂತ್ರದ ಜೊತೆ ಗುದ್ದಾಡುವುದೇ ಹಿತವಾಗಿತ್ತು, ಕೆಳಗೇ ಉಳಿದಳು. ಅದರಿಂದ ಇಬ್ಬರ ನಡುವೆ ಒಂದು ಕೂದಲೂ ಅಡ್ಡ ಬರಲಿಲ್ಲ. ಮಧ್ಯಾಹ್ನ ಕೊಕ್ಕರೆ ಡಬ್ಬಿ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದಳು, ಬಂದವಳೇ ಇವಳ ಡಬ್ಬಿಯ ಮುಚ್ಚಳ ತೆಗೆದು, "ನಿಮ್ಮತ್ತೆ ಕೈರುಚಿ ನನ್ನ ಹಣೇಲಿ ಬರೆದಿದೆ, ನಿನ್ನ ಹಣೇಲಲ್ಲ" ಎಂದು ತನ್ನದನ್ನು ಇವಳತ್ತ ತಳ್ಳುತ್ತಿದ್ದಳು.

ಹಿಂದೆ ಕೆಳಗಿನಕ್ಕನಿಗೆ ದಿನ ತುಂಬಿದ ಬಸುರಿನಲ್ಲಿ ಮಗು ಉಳಿಯದೆ ಹೋದಾಗ, ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಷ್ಟು ದಿನವೂ ಕೊಕ್ಕರೆ ಸಂಜೆ ಬರುತ್ತಿದ್ದಳು. ಸಮಾಧಾನದ ಮಾತು ಒಂದೂ ಆಡುತ್ತಿರಲಿಲ್ಲ. ಇವಳನ್ನು ಎಬ್ಬಿಸಿ ಕೂರಿಸಿ, ತಲೆ ಬಾಚಿ, ಜಡೆ ಹೆಣೆದು ಹೋಗುತ್ತಿದ್ದಳು. ಅತ್ತೆ ಅಂದಿನಿಂದ ಅವಳನ್ನು ಮನೆಮಗಳೆಂದೇ ಎಣಿಸಿದ್ದಳು.

"ಗುಬ್ಬಿ, ಹೊಸ ಸಾರ್ಟರ್ ತರಿಸೋಣ" ಎಂದಳು ಒಂದು ಮಧ್ಯಾಹ್ನ. ವಿಶ್ವವಿದ್ಯಾಲಯಗಳಲ್ಲಿ ಹತ್ತಾರು ಜನ ಹಂಚಿಕೊಂಡು ಬಳಸುವ ಹಳೆಯ ಯಂತ್ರಗಳನ್ನು ಬದಲಾಯಿಸಲು ಸರ್ಕಾರದ ನೆರವು ಬಂದಿತ್ತು. ಆದರೆ ಬಳಸುವ ಲ್ಯಾಬುಗಳೆಲ್ಲ ಒಟ್ಟಾಗಿ ಕೇಳಬೇಕು, ತಮ್ಮ ತಮ್ಮ ಬಳಿ ಅದೇ ಜಾತಿಯ ಚಿಕ್ಕಪುಟ್ಟ ಯಂತ್ರ ಇದ್ದರೆ ಅದನ್ನೂ ಬಿಟ್ಟುಕೊಡಬೇಕು. ಹಳೆಯವನ್ನೆಲ್ಲ ಕಂಪನಿ ಒಯ್ದು ಒಂದು ದೊಡ್ಡ ಹೊಸದನ್ನು ಕೊಡುವುದೆಂದು ಏರ್ಪಾಡು.

"ಎಲ್ಲಿ ಇಡ್ತಾರೆ?" ಎಂದು ಕೇಳಿದಳು ಕೆಳಗಿನಕ್ಕ.

"ಎಲ್ಲಿ ಅಂದ್ರೆ? ನಿನ್ನ ಹತ್ರ. ಮತ್ಯಾರ ಕೈಗೆ ಕೊಡೋಕಾಗುತ್ತೆ ಅದನ್ನ?"

ಅಂದಿನಿಂದ ಕೆಳಗಿನಕ್ಕನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕಂಪನಿಯ ಎಂಜಿನಿಯರ್ ಬಂದು ಕೋಣೆ ನೋಡಿದ. ಬಾಗಿಲು ಅಗಲ ಮಾಡಿಸಬೇಕು, ತೇವ ಹೀರುವ ವ್ಯವಸ್ಥೆ ಬೇಕು ಎಂದ. ಅವಳು ಎಲ್ಲಕ್ಕೂ ತಲೆಯಾಡಿಸಿದಳು. ಹುಳುವಿನವರನ್ನು ಒಪ್ಪಿಸಿದಳು, ಮಜ್ಜೆಯವರನ್ನು ಒಪ್ಪಿಸಿದಳು. ಜಗ್ಗದೆ ಕೂತವರು ಕಿಡ್ನಿ ಡಾಕ್ಟರು ಒಬ್ಬರೇ.

ಡಾಕ್ಟರ ಹತ್ತಿರ ಆಸ್ಪತ್ರೆಯಲ್ಲೇ ಒಂದು ಚಿಕ್ಕ ಯಂತ್ರವಿತ್ತು. ಅದು ಕೋಶಗಳನ್ನು ಬೇರ್ಪಡಿಸುತ್ತಿರಲಿಲ್ಲ, ಎಣಿಸುತ್ತಿತ್ತು ಅಷ್ಟೇ. ಆದರೂ ಅವರಿವರ ಕಾಲು ಹಿಡಿದು ಅದನ್ನು ತರಿಸಿಕೊಂಡಿದ್ದರು. ಸಂಜೆ ಹೊರಡುವಾಗ ತಾವೇ ಅದಕ್ಕೆ ಬಟ್ಟೆ ಹೊದಿಸುತ್ತಿದ್ದರು. ಕೊಕ್ಕರೆಗೂ ಅವರಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ.

"ನೀನೇ ಹೋಗು ಗುಬ್ಬಿ" ಎಂದಳು ಕೊಕ್ಕರೆ. "ಅವರು ಬಿಟ್ಟುಕೊಡದಿದ್ರೆ ಇಡೀ ಅರ್ಜಿ ಬಿದ್ದುಹೋಗುತ್ತೆ."

ಕೆಳಗಿನಕ್ಕ ಹೋಗಿ ಡಾಕ್ಟರ ಎದುರು ಕೂತಳು. ಅವರು ಬಹಳ ಹೊತ್ತು ಪೆನ್ನಿನ ಟೊಪ್ಪಿಗೆ ತೆಗೆಯುತ್ತ ಹಾಕುತ್ತ ಇದ್ದರು.

"ಅಕ್ಕ, ಇದು ಕೈಬಿಟ್ಟ ಮೇಲೆ ಹೊಸದು ನನಗೆ ಸಿಗದಿದ್ರೆ ನನ್ನ ಮಕ್ಕಳ ಗತಿ ಏನು?" ತಮ್ಮ ವಾರ್ಡಿನ ರೋಗಿಗಳನ್ನು ಅವರು ‘ನನ್ನ ಮಕ್ಕಳು’ ಎಂದೇ ಹೇಳುತ್ತಿದ್ದುದು. "ಯಾವ ಮಗುವಿಗೆ ಯಾವ ಔಷಧಿ ನಾಟುತ್ತೆ ಅಂತ ಈಗೀಗ ದಾರಿ ಕಾಣ್ತಿದೆ. ರಕ್ತ ತೆಗೆದ ದಿನವೇ ನೋಡಬೇಕು. ನಾಳೆ ಬನ್ನಿ ಅಂದ್ರೆ ಆಗಲ್ಲ."

"ಕೀಲಿ ನನ್ನ ಹತ್ರ ಇರುತ್ತೆ ಸರ್. ನೀವು ಬಂದಾಗ ಬಾಗಿಲು ತೆಗೆಯೋಳು ನಾನು. ಇದು ನನ್ನ ಮಾತು."

ಡಾಕ್ಟರು ಪೆನ್ನು ಜೇಬಿಗೆ ಸಿಕ್ಕಿಸಿದರು. "ಮೇಡಂ ಬಂದು ಹೇಳಿದ್ರೆ ಕೊಡ್ತಿರಲಿಲ್ಲ. ನಿಮ್ಮ ಮಾತಿಗೆ ಕೊಡ್ತಿದ್ದೀನಿ."

ಅರ್ಜಿ ಒಪ್ಪಿಗೆಯಾಯಿತು. ಸುದ್ದಿ ಬಂದ ದಿನ ಕೊಕ್ಕರೆ ಓಡಿಬಂದು ಕೆಳಗಿನಕ್ಕನನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. ಕಂಪನಿಯವರ ಲಾರಿ ಬಂದು ಹಳೆಯ ಸಾರ್ಟರನ್ನೂ ಡಾಕ್ಟರ ಚಿಕ್ಕ ಯಂತ್ರವನ್ನೂ ಹೇರಿಕೊಂಡು ಹೋಯಿತು. ಕೋಣೆಗೆ ಸುಣ್ಣಬಣ್ಣವಾಯಿತು. ಬಾಗಿಲು ಒಡೆದು ಅಗಲ ಮಾಡಿಸಲು ಕೆಳಗಿನಕ್ಕ ಕಟ್ಟಡದ ಉಸ್ತುವಾರಿಯವರ ಹಿಂದೆ ಬಿದ್ದಳು. ಅವರು ಇವತ್ತು, ನಾಳೆ ಎನ್ನುತ್ತಿದ್ದರು. ಕೊಕ್ಕರೆ ಮಧ್ಯಾಹ್ನ ಇಳಿದು ಬರುವುದೂ ಕಡಿಮೆಯಾಯಿತು. ಕೆಲಸ, ಮೀಟಿಂಗು, ತಲೆನೋವು. ಬಣ್ಣ ಹೇಗಿದೆ ನೋಡು ಬಾ ಎಂದರೆ, "ನೀನು ನೋಡಿದ್ಯಲ್ಲ, ಸಾಕು" ಎಂದಳು. ಕೆಳಗಿನಕ್ಕ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನಂಬಿಕೆ ಇದ್ದ ಕಡೆ ಯಾರು ಇಣುಕಿ ನೋಡುತ್ತಾರೆ?

ಒಂದು ಬೆಳಿಗ್ಗೆ ಎಂಜಿನಿಯರನ ಫೋನು ಬಂತು.

"ಅಕ್ಕ, ನಾಳಿದ್ದು ಮಷಿನ್ ಬರ್ತಿದೆ. ಸರಕಿನ ಲಿಫ್ಟು ಮೇಲಿನ ಮಹಡಿ ತನಕ ಹೋಗುತ್ತಾ? ಇಲ್ಲಾಂದ್ರೆ ಕ್ರೇನ್ ಹೇಳಬೇಕು."

"ಮೇಲಿನ ಮಹಡಿ ಯಾಕೆ? ಕೆಳಗೆ ಕಣಪ್ಪ. ನೀನೇ ನೋಡಿ ಹೋಗಿದ್ಯಲ್ಲ."

"ಇಲ್ಲಕ್ಕ... ಮೇಡಂ ಲ್ಯಾಬಲ್ಲಿ ಅಲ್ವಾ? ಮೊದಲ್ನೇ ಸಲ ಬಂದಾಗಲೇ ನಿಮ್ಮ ಕೋಣೆ ಆದ್ಮೇಲೆ ಮೇಲೆ ಕರ್ಕೊಂಡ್ ಹೋಗಿ ಅಳತೆ ಹಿಡಿಸಿದ್ರು. ಕರೆಂಟ್ ಕೆಲಸನೂ ಮುಗಿದಿದೆ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ."

ಮೊದಲ ಸಲ ಎಂದರೆ ಅವಳು ಡಾಕ್ಟರ ಹತ್ತಿರ ಹೋಗುವುದಕ್ಕೂ ಮುಂಚೆ. ಕೆಳಗಿನಕ್ಕ ಫೋನು ಇಟ್ಟಳು. ಎಂಜಿನಿಯರನಿಗೆ ತಪ್ಪು ತಿಳಿವಳಿಕೆ ಇರಬಹುದು ಎಂದುಕೊಂಡು ಮೆಟ್ಟಿಲು ಹತ್ತಿದಳು. ಪ್ರತಿ ಮಹಡಿಗೂ ಆ ಆಸೆ ಸ್ವಲ್ಪ ಸ್ವಲ್ಪವೇ ಸವೆಯಿತು. ಮೇಲೆ ಹೋಗಿ ನೋಡಿದರೆ, ಕೊಕ್ಕರೆಯ ಲ್ಯಾಬಿನ ಒಳಗೆ ಗಾಜಿನ ಗೋಡೆಯ ಹೊಸ ಕೋಣೆ, ಬಾಗಿಲಿಗೆ ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬೀಗ.

ಕೊಕ್ಕರೆ ಅವಳ ಮುಖ ನೋಡಿದ ಕೂಡಲೇ ಎದ್ದು ಬಾಗಿಲು ಮುಚ್ಚಿದಳು.

"ಕೂತ್ಕೋ ಗುಬ್ಬಿ. ನಾನೇ ಹೇಳಬೇಕು ಅಂತಿದ್ದೆ."

"ಯಾವಾಗ? ಮಷಿನ್ ಬಂದ ಮೇಲಾ?"

"ನೋಡು, ನಾನು ಹೊಸ ಸಂಶೋಧನಾ ಕೇಂದ್ರ ತೆರೀಬೇಕು ಅಂತ ಎಷ್ಟು ವರ್ಷದಿಂದ ಒದ್ದಾಡಿದೀನಿ ಅಂತ ನಿನಗೆ ಗೊತ್ತು. ಈ ಮಷಿನ್ ನನ್ನ ಲ್ಯಾಬಲ್ಲಿ ಇದ್ರೆ ಮಾತ್ರ ಅದು ಸಿಗುತ್ತೆ. ಬೇರೆಯವರಿಗೆ ಕೊಡಲ್ಲ ಅಂತ ಯಾರು ಹೇಳಿದ್ರು? ಖಾಲಿ ಇದ್ದಾಗ ಬರ್ಲಿ. ನಿನಗೂ ಇಲ್ಲೇ ಜಾಗ ಮಾಡಿದೀನಿ. ಆ ಕತ್ತಲೆ ಗವಿಯಿಂದ ಮೇಲೆ ಬಾ."

"ಡಾಕ್ಟರಿಗೆ ಮಾತು ಕೊಟ್ಟಿದ್ದೀವಿ."

"ಕೊಟ್ಟಿದ್ದು ನೀನು" ಎಂದಳು ಕೊಕ್ಕರೆ. ಅಂದ ಮೇಲೆ ತನಗೇ ಕೇಳಿಸಿತೇನೋ, ಕಿಟಕಿಯ ಕಡೆ ತಿರುಗಿದಳು.

"ನನ್ನನ್ನ ಅವರ ಹತ್ರ ಕಳಿಸುವಾಗ ನಿನಗೆ ಇದು ಗೊತ್ತಿತ್ತು ಅಲ್ವಾ?"

ಕೊಕ್ಕರೆ ಕಿಟಕಿಯ ಪರದೆ ಸರಿಮಾಡತೊಡಗಿದಳು.

"ಗೊತ್ತಿದ್ದೂ ನನ್ನನ್ನೇ ಯಾಕೆ ಕಳಿಸಿದೆ?"

"ಇನ್ಯಾರನ್ನ ಕಳಿಸಲಿ? ನನ್ನ ಮಾತು ಯಾರು ನಂಬ್ತಾರೆ ಇಲ್ಲಿ? ನಿನ್ನ ಮಾತಾದ್ರೆ ಎಲ್ಲರೂ ನಂಬ್ತಾರೆ."

ಕೆಳಗಿನಕ್ಕನ ಒಳ್ಳೆಯ ಹೆಸರನ್ನು ಕೊಕ್ಕರೆ ಎತ್ತಿಕೊಂಡು ಹೋಗಿ ಗಾಳಕ್ಕೆ ಎರೆಹುಳು ಸಿಕ್ಕಿಸಿದಂತೆ ಸಿಕ್ಕಿಸಿದ್ದಳು. ಕೆಳಗಿನಕ್ಕ ಬಾಗಿಲು ತೆಗೆದು ಹೊರಟಳು.

ಮನೆಯಲ್ಲಿ ಆ ಸಂಜೆ ಅತ್ತೆ ಮೊದಲು ನಂಬಲಿಲ್ಲ. "ಅವಳಾ? ಇರಲಾರದು ಬಿಡು. ಸರಿಯಾಗಿ ಕೇಳಿಸ್ಕೊಂಡ್ಯಾ?" ಎಂದಳು. ಆಮೇಲೆ, "ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನೋರನ್ನ ಕಂಡಿದ್ದೆ. ಅಂಬಿಗನನ್ನೇ ನಡುನೀರಿಗೆ ನೂಕೋರನ್ನ ಈಗ ಕಂಡೆ" ಎಂದಳು. ಗಂಡ ತಮಾಷೆ ಮಾಡಲಿಲ್ಲ. "ಡಾಕ್ಟರಿಗೆ ಬೇರೆ ಯಾರೋ ಹೇಳೋ ಮೊದಲು ನೀನೇ ಹೋಗಿ ಹೇಳು" ಎಂದ.

ಮರುದಿನ ಹೋಗಿ ಹೇಳಿದಳು. ತನಗೂ ಗೊತ್ತಿರಲಿಲ್ಲ ಎಂದೂ ಹೇಳಿದಳು. ಹೇಳುತ್ತಿದ್ದ ಹಾಗೆ ಅದು ತನ್ನ ಕಿವಿಗೇ ಸುಳ್ಳಿನಂತೆ ಕೇಳಿಸಿತು. ಡಾಕ್ಟರ ಬೆನ್ನ ಹಿಂದೆ ಯಂತ್ರವಿದ್ದ ಮೇಜು ಬೋಳಾಗಿತ್ತು. ಹೊದಿಸುತ್ತಿದ್ದ ಬಟ್ಟೆ ಮಡಿಚಿ ಅಲ್ಲೇ ಇಟ್ಟಿತ್ತು.

ಡಾಕ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಆಯ್ತು. ನೀವಿನ್ನು ಹೋಗಿ, ಮೇಡಂ" ಎಂದರು.

ಅಷ್ಟು ವರ್ಷ ಅಕ್ಕ ಎಂದಿದ್ದ ಬಾಯಿ. ಕೆಳಗಿನಕ್ಕ ರಸ್ತೆ ದಾಟುವಾಗ ಬಸ್ಸಿನವನೊಬ್ಬ ಜೋರಾಗಿ ಹಾರನ್ ಬಾರಿಸಿ, ಕಣ್ಣು ಕಾಣಲ್ವಾ ಎಂದು ಬೈದು ಹೋದ. ನಿಜಕ್ಕೂ ಆಗ ಅವಳಿಗೆ ಕಣ್ಣು ಕಾಣುತ್ತಿರಲಿಲ್ಲ.

ಹುಳುವಿನವರು, ಮಜ್ಜೆಯವರು ಗಲಾಟೆ ಎಬ್ಬಿಸಿದರು. ಸಂಸ್ಥೆಯ ಮುಖ್ಯಸ್ಥರಾದ ಡೀನರು ಎಲ್ಲರನ್ನೂ ಒಂದು ಕಡೆ ಕರೆದರು. ಉದ್ದ ಮೇಜಿನ ಒಂದು ತುದಿಗೆ ಕೊಕ್ಕರೆ, ಇನ್ನೊಂದು ತುದಿಗೆ ಡಾಕ್ಟರು, ಗೋಡೆ ಪಕ್ಕದ ಕುರ್ಚಿಯಲ್ಲಿ ಕೆಳಗಿನಕ್ಕ. ಅಂಥ ಸಭೆಗಳಲ್ಲಿ ಬಾಯಿ ತೆರೆದು ಅಭ್ಯಾಸವಿಲ್ಲದವಳು ಅಂದು ಎದ್ದು ನಿಂತಳು.

"ಯಂತ್ರ ಕೆಳಗಿನ ಕೋಣೆಗೆ ಬರುತ್ತೆ, ಎಲ್ಲರಿಗೂ ಸಮವಾಗಿ ಸಿಗುತ್ತೆ ಅಂತ ನಾನು ಇವರಿಗೆಲ್ಲ ಹೇಳಿದ್ದು ನಿಜ. ಪ್ರೊಫೆಸರು ನನಗೆ ಹಾಗೆ ಹೇಳಿದ್ರು, ಅದಕ್ಕೆ ಹೇಳಿದೆ" ಎಂದಳು. ಪೂರ್ತಿ ಹೇಳಿ ಮುಗಿಸಿಯೇ ಕೂತಳು.

ಎಲ್ಲರೂ ಕೊಕ್ಕರೆಯ ಕಡೆ ನೋಡಿದರು. ಕೊಕ್ಕರೆ ಡೀನರನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: "ಎಲ್ಲರಿಗೂ ಸಿಗುತ್ತೆ ಅಂದಿದ್ದೆ ಸರ್. ಎಲ್ಲಿಡ್ತೀವಿ ಅಂತ ನಾನು ಹೇಳಿಲ್ಲ. ಅವರಿಗೆ ತಮ್ಮ ಕೋಣೆ ಮೇಲೆ ಬಹಳ ಪ್ರೀತಿ, ಪಾಪ. ಹಾಗೆ ಅರ್ಥ ಮಾಡ್ಕೊಂಡಿರಬೇಕು."

ಪಾಪ! ಆ ಎರಡಕ್ಷರ ಕೆನ್ನೆಗೆ ಹೊಡೆದ ಹಾಗಿತ್ತು. ಸುಳ್ಳನ್ನಾದರೂ ತಡೆದುಕೊಳ್ಳಬಹುದಿತ್ತು. ತನ್ನ ಡಬ್ಬಿಯಿಂದ ಉಂಡವಳು, ತನ್ನ ಒಂದೊಂದು ಕೂದಲನ್ನೂ ಬಲ್ಲವಳು, ಹತ್ತು ಜನರೆದುರು ತನ್ನನ್ನು ‘ಅವರು’ ಎಂದು ದೂರವಿಟ್ಟು, ಮೇಲೆ ಕನಿಕರವನ್ನೂ ತೋರಿಸಿದ್ದಳು. ಕೆಳಗಿನಕ್ಕ ಡಾಕ್ಟರ ಕಡೆ ನೋಡಿದಳು. ಅವರು ತಲೆ ತಗ್ಗಿಸಿ ಪೆನ್ನಿನ ಟೊಪ್ಪಿಗೆ ತಿರುಗಿಸುತ್ತಿದ್ದರು. ಯಾರನ್ನು ನಂಬಿದರು ಎಂಬುದು ಆ ಮುಖದಲ್ಲಿ ಗೊತ್ತಾಗಲಿಲ್ಲ.

ಡೀನರು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯವರು. ಯಂತ್ರ ಮೇಲೆಯೇ ಇರಲಿ, ಬುಧವಾರ ಒಂದು ದಿನ ಹೊರಗಿನ ಲ್ಯಾಬುಗಳಿಗೆ ಬಿಟ್ಟುಕೊಡಲಿ ಎಂದು ತೀರ್ಮಾನ ಹೇಳಿ ಎದ್ದರು. ಮಕ್ಕಳು ಬುಧವಾರವೇ ಕಾಯಿಲೆ ಬೀಳಬೇಕೆಂದು ಡೀನರ ಆಜ್ಞೆಯಾಗಿದೆ ಎಂದು ಹುಳುವಿನವರು ಹೊರಗೆ ಬಂದು ಕಹಿಯಾಗಿ ನಕ್ಕರು. ಉಳಿದ ದಿನಗಳಲ್ಲಿ ಡಾಕ್ಟರ ಕಡೆಯವರು ಐಸ್ ಡಬ್ಬಿ ಹೊತ್ತು ಪಕ್ಕದ ಊರಿನ ಕಾಲೇಜಿಗೆ ಹೋಗಬೇಕಾಯಿತು. ಒಮ್ಮೊಮ್ಮೆ ರೈಲು ತಡವಾಗಿ, ತಲುಪುವಷ್ಟರಲ್ಲಿ ಕೋಶಗಳು ಸತ್ತಿರುತ್ತಿದ್ದವು. ಮಗುವಿನ ತೋಳಿಗೆ ಇನ್ನೊಂದು ಸಲ ಸೂಜಿ.

ಮೇಲೆ ಮಾಡಿಟ್ಟ ಜಾಗವನ್ನು ಕೆಳಗಿನಕ್ಕ ಮುಟ್ಟಲಿಲ್ಲ. ಕೆಲಸ ಬಿಟ್ಟುಬಿಡಲೇ ಎಂದು ಒಂದೆರಡು ದಿನ ಯೋಚಿಸಿದಳು. ಗಂಡ, "ಬಿಟ್ರೆ ಬುಧವಾರ ಡಾಕ್ಟರ ಸ್ಯಾಂಪಲ್ ಯಾರು ನೋಡ್ತಾರೆ?" ಎಂದು ಕೇಳಿದ. ಕೆಳಗಿನ ಕೋಣೆಗೆ ಕಟ್ಟಡದವರು ಸ್ಯಾಂಪಲ್ ಇಡುವ ಫ್ರೀಜರುಗಳನ್ನು ತಂದು ತುಂಬಿದರು. ಅವುಗಳ ಗುಂಯ್‌ಗುಟ್ಟುವಿಕೆಯ ನಡುವೆ ಅವಳಿಗೊಂದು ಮೇಜು ಉಳಿಯಿತು. ಬುಧವಾರ ಮಾತ್ರ ಮೇಲೆ ಹೋಗಿ, ಕಾರ್ಡು ಇರುವವರು ಬಾಗಿಲು ತೆಗೆಯುವ ತನಕ ಹೊರಗೆ ಕಾದು ನಿಂತು, ಹೊರಗಿನವರ ಸ್ಯಾಂಪಲ್ಲುಗಳನ್ನು ಸಂಜೆಯವರೆಗೂ ಹಾಯಿಸಿಕೊಡುತ್ತಿದ್ದಳು. ಹೊಸ ಯಂತ್ರ ಬೆಣ್ಣೆಯಂತೆ ನಡೆಯುತ್ತಿತ್ತು. ಅದು ಅಷ್ಟು ಚೆನ್ನಾಗಿರುವುದೇ ಅವಳಿಗೆ ಸಂಕಟ. ದ್ವೇಷಿಸಲೂ ಆಗುತ್ತಿರಲಿಲ್ಲ. ಗಾಜಿನಾಚೆ ಉದ್ದನೆಯ ನೆರಳು ಹಾದುಹೋದರೆ ಪರದೆಯಿಂದ ಕಣ್ಣೆತ್ತುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಅತ್ತೆ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಸುದ್ದಿ ತಿಳಿದು ಕೊಕ್ಕರೆ ಹಣ್ಣು ಹಿಡಿದು ಬಂದಳು. ಕೆಳಗಿನಕ್ಕ ಅಡುಗೆಮನೆಯಲ್ಲಿದ್ದಳು. ಹೊರಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಬಾ, ಕೂತ್ಕೋ" ಎಂದಳು ಅತ್ತೆ. "ಕಾಲು ಮುರಿದಿದ್ದು ನಂದು. ಅದು ಕೂಡುತ್ತಂತೆ, ಮೂಳೆ ಡಾಕ್ಟ್ರು ಹೇಳಿದಾರೆ."

"ಅಮ್ಮ, ಗುಬ್ಬಿ ಇದ್ದಾಳಾ?"

"ಇದ್ದಾಳೆ. ಕರೆ ಅಂತ ಮಾತ್ರ ನನಗೆ ಹೇಳಬೇಡ. ಬರೋದಿದ್ರೆ ಅವಳೇ ಬರ್ತಾಳೆ."

ಕೊಕ್ಕರೆ ಅಳುತ್ತಿರುವುದು ಕೇಳಿಸಿತು. ಅವಳ ಅಳು ಕೆಳಗಿನಕ್ಕನಿಗೆ ಹೊಸದಲ್ಲ. ಮೂಗಿನಲ್ಲಿ ಶುರುವಾಗಿ ಬಿಕ್ಕಳಿಕೆಯಲ್ಲಿ ನಿಲ್ಲುವ ಅಳು. ಹೋಗಿ ಪಕ್ಕದಲ್ಲಿ ಕೂರಬೇಕು ಅನ್ನಿಸಿತು. ಒಂದು ಹೆಜ್ಜೆ ಇಟ್ಟಳು ಕೂಡ. ಆದರೆ ಹೋದರೆ ಕೊಕ್ಕರೆ ಕೈ ಹಿಡಿದುಕೊಳ್ಳುತ್ತಾಳೆ, ಕ್ಷಮಿಸು ಎನ್ನುತ್ತಾಳೆ, ತಾನು ಹೂಂ ಎಂದುಬಿಡುತ್ತೇನೆ, ನಾಳೆ ಮತ್ತೆ ಆ ಕಾರ್ಡಿನ ಬಾಗಿಲು ಅಲ್ಲೇ ಇರುತ್ತದೆ. ಅವಳು ಒಲೆಯ ಮೇಲಿನ ಹಾಲು ನೋಡುತ್ತ ನಿಂತಳು. ಉಕ್ಕುವ ಮುಂಚೆ ಇಳಿಸಿದಳು. ಹೊರಗೆ ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ ಬಂದು ಅತ್ತೆಯ ಕಾಲ ಕೆಳಗಿನ ದಿಂಬು ಸರಿಮಾಡಿದಳು. ಹಣ್ಣನ್ನು ಅತ್ತೆ ಪಕ್ಕದ ಮನೆಗೆ ಕಳಿಸಿದಳು.

ಡಾಕ್ಟರ ಕಡೆಯಿಂದ ಬುಧವಾರ ಬರುತ್ತಿದ್ದವಳು ಅವರ ಸಹಾಯಕಿ. ಒಂದು ವಾರ ಅವಳಿಗೆ ಜ್ವರವೆಂದು ಡಾಕ್ಟರೇ ಐಸ್ ಡಬ್ಬಿ ಹಿಡಿದು ಬಂದರು. ಇಬ್ಬರೂ ಒಂದೇ ಪರದೆಯ ಮುಂದೆ ಕೂತರು. ಕೆಲಸಕ್ಕೆ ಬೇಕಾದಷ್ಟೇ ಮಾತು: ಇದು ಮೊದಲು, ಅದು ಆಮೇಲೆ. ಕೋಶಕ್ಕೊಂದರಂತೆ ಚುಕ್ಕೆಗಳು ಪರದೆಯ ಮೇಲೆ ಗುಂಪುಗುಂಪಾಗಿ ಕೂಡುವುದನ್ನು ಇಬ್ಬರೂ ನೋಡಿದರು. ಕೊನೆಯ ನಳಿಕೆ ತುಂಬಿದ ಮೇಲೆ ಡಾಕ್ಟರು ಡಬ್ಬಿ ಮುಚ್ಚುತ್ತ, "ಈ ರಕ್ತ ಕೊಟ್ಟ ಹುಡುಗಿಗೆ ಹೊಸ ಔಷಧಿ ನಾಟಿದೆ. ಊತ ಇಳಿದಿದೆ" ಎಂದರು.

"ಒಳ್ಳೇದಾಯ್ತು ಸರ್."

ಅವರು ಹೊರಡಲಿಲ್ಲ. ಬಾಗಿಲ ಹತ್ತಿರ ನಿಂತು, "ಆವತ್ತು ಮೀಟಿಂಗಲ್ಲಿ ನೀವು ಹೇಳಿದ್ದು ನಿಜ ಅಂತ ನನಗೆ ಆಗಲೇ ಗೊತ್ತಾಗಿತ್ತು" ಎಂದರು. "ಆದ್ರೂ ನಿಮ್ಮ ಮೇಲಿನ ಸಿಟ್ಟು ಹೋಗಲಿಲ್ಲ. ಈಗಲೂ ಪೂರ್ತಿ ಹೋಗಿಲ್ಲ."

"ನನಗೂ ನನ್ನ ಮೇಲೆ ಹೋಗಿಲ್ಲ ಸರ್" ಎಂದಳು ಕೆಳಗಿನಕ್ಕ.

ಅವರು ತಲೆಯಾಡಿಸಿ, ಮೆಟ್ಟಿಲಿಳಿದು, ರಸ್ತೆ ದಾಟಿ ಆಸ್ಪತ್ರೆಗೆ ಹೋದರು. ಅವಳು ಯಂತ್ರದ ಧಾರೆ ನಿಲ್ಲಿಸಿ, ಕೊಳವೆಗಳನ್ನು ತೊಳೆದು, ಬೆಳಿಗ್ಗೆ ಬರುವವರಿಗೆ ಅಡ್ಡಿಯಾಗದಂತೆ ಎಲ್ಲ ಒಪ್ಪವಾಗಿಟ್ಟಳು. ಗಂಡ ಅಂಗಡಿ ಮುಚ್ಚಿ ಕೆಳಗೆ ಬಂದು ನಿಂತಿರುತ್ತಾನೆ ಎಂದು ನೆನಪಾಗಿ ಬೇಗ ಬೇಗ ಇಳಿದಳು.